ಆನ್‌ಲೈನ್ ಅಂದ್ರೆ ನಮ್ಮ ಲೆಕ್ಚರರ್‌ಗಳು ಯಾಕೆ ಮುಖ ಸಿಂಡರಿಸ್ತಾರೆ?

ಕಾಮರ್ಸ್‌ಮೇಷ್ಟ್ರು:
ನಮ್ದು ಸರ್ಕಾರಿ ಡಿಗ್ರಿ ಕಾಲೇಜು, ನಾನು ಬಿಕಾಂಗೆ ಕಾಸ್ಟಿಂಗ್ (ಸರಕು ತಯಾರಿಸೋ ಖರ್ಚಿನ ಲೆಕ್ಕ) ತಗೋತೀನಿ. ಪ್ರೊಸೆಸ್ ಕಾಸ್ಟಿಂಗ್ ಯೂನಿಟ್‌ನ ಥಿಯರಿನೆಲ್ಲ ವಿಡಿಯೋ ಮಾಡಿ ಹಾಕಿಬಿಟ್ರೆ ಕ್ಲಾಸಲ್ಲಿ ಬರೀ ಪ್ರಾಬ್ಲಂ ಮಾಡಿಸಬಹುದು ಅಂತ ಸ್ಟಾಫ್ ರೂಮಲ್ಲಿ ಹೇಳ್ದೆ, ಯಾಕಂದ್ರೆ ಈಗ ಬೋರ್ಡ್ ಮೇಲೆ ಅಕೌಂಟ್ ಗೆರೆ ಎಳೆಯೋದ್ರಲ್ಲೇ ಅರ್ಧ ಪೀರಿಯಡ್ ಹೋಗುತ್ತೆ, ಅಬ್ನಾರ್ಮಲ್ ಲಾಸ್ (ಅಂದಾಜಿಗಿಂತ ಜಾಸ್ತಿ ಆದ ನಷ್ಟ) ಹತ್ರ ಬರೋಷ್ಟೊತ್ತಿಗೆ ಬೆಲ್ಲು. "ಕೊರೊನಾ ಮುಗೀತಲ್ಲ ಸಾರ್" ಅಂತ ನಕ್ಕುಬಿಟ್ರು. 2020ರಲ್ಲಿ ಇದೇ ಜನ ಗೂಗಲ್ ಮೀಟಲ್ಲಿ ದಿನಾ ಪಾಠ ಮಾಡಿದೋರು, ಬರಲ್ಲ ಅನ್ನೋ ಹಂಗೂ ಇಲ್ಲ. ಮತ್ತೆ ಯಾಕೆ ಬೇಡ?

ಹಳೇಪ್ರೊಫೆಸರ್:
ಬರಲ್ಲ ಅಂತಲ್ಲ ಕಣ್ರೀ, ಲೆಕ್ಕಕ್ಕೆ ಬರಲ್ಲ ಅಂತ. ಅಸಿಸ್ಟೆಂಟ್ ಪ್ರೊಫೆಸರ್‌ಗೆ ಯುಜಿಸಿ (ಕಾಲೇಜುಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ) ಹೇಳಿರೋದು ವಾರಕ್ಕೆ 16 ಗಂಟೆ ಪಾಠ, ಟೈಂಟೇಬಲ್ ಅಷ್ಟನ್ನೇ ನೋಡುತ್ತೆ. ಇಪ್ಪತ್ತು ನಿಮಿಷದ ವಿಡಿಯೋಗೆ ಸಂಜೆ ಪೂರ್ತಿ ಕೂತ್ಕೋಬೇಕು, ನಡುವೆ ಪಕ್ಕದ್ಮನೆ ಮಿಕ್ಸಿ ಬೇರೆ, ಆ ಸಂಜೆ ಯಾರ ಲೆಕ್ಕ? ಪ್ರಮೋಷನ್‌ಗೆ ಆಗುತ್ತೆ ಅಂತೀರಾ, 2018ರ ರೆಗ್ಯುಲೇಷನ್‌ನಲ್ಲಿ ನಾಲ್ಕು ಕ್ರೆಡಿಟ್‌ನ ಮೂಕ್, ಅಂದ್ರೆ ಎಲ್ಲರೂ ಸೇರಬಹುದಾದ ಆನ್‌ಲೈನ್ ಕೋರ್ಸ್, ಪೂರ್ತಿ ತಯಾರಿಸಿದ್ರೆ 20 ಪಾಯಿಂಟ್ ಇದೆ ನಿಜ, ಆದ್ರೆ ವಿಡಿಯೋ, ನೋಟ್ಸ್, ಚರ್ಚೆ, ಪರೀಕ್ಷೆ ನಾಲ್ಕೂ ಇರ್ಬೇಕು, ಫೋನಲ್ಲಿ ಹಿಡಿದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದನ್ನ ಯಾರೂ ಕೇಳಲ್ಲ.

ಅತಿಥಿದೇವೋಭವ:
ಸಾರ್ ನಿಮ್ದು ಪರ್ಮನೆಂಟ್ ಕೆಲಸ, ಪಾಯಿಂಟ್ ಚಿಂತೆ. ನಾನು ಗೆಸ್ಟ್ ಲೆಕ್ಚರರ್, ವಾರಕ್ಕೆ ಎಷ್ಟು ಗಂಟೆ ಅನ್ನೋದರ ಮೇಲೇ ನನ್ನ ಗೌರವಧನ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂನಿಂದ ಸೆಮಿಸ್ಟರ್‌ಗೆ 20 ಪರ್ಸೆಂಟ್ ಕೋರ್ಸ್ ತಗೋಬಹುದು ಅಂತಿದ್ದಿದ್ದು 2021ರಲ್ಲಿ 40 ಆಯ್ತು, ಅದೇ ವರ್ಷ ಯುಜಿಸಿಯ ಬ್ಲೆಂಡೆಡ್ ಲರ್ನಿಂಗ್ (ಕ್ಲಾಸೂ ಆನ್‌ಲೈನೂ ಸೇರಿಸಿ ಕಲಿಸೋದು) ಕರಡಲ್ಲೂ 40 ಪರ್ಸೆಂಟ್ ಆನ್‌ಲೈನ್ ಅಂತ ಬರೆದ್ರು. ಪಾಠ ವಿಡಿಯೋದಲ್ಲಿದೆ ಅಂದ್ಮೇಲೆ ಆ ಗಂಟೆಗೆ ನಿನ್ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ? ಟೆಕ್ನಾಲಜಿ ಭಯ ಅಂತ ನಮ್ಮನ್ನ ಆಡ್ಕೋಬೇಡಿ, ಇದು ಹೊಟ್ಟೆಪಾಡು.

ಮೆಕ್ಯಾನಿಕಲ್‌ಮಂಜ:
ಇಂಜಿನಿಯರಿಂಗಲ್ಲಿ ಇನ್ನೊಂಥರ. ಐಐಟಿಯವರ ಆನ್‌ಲೈನ್ ಪಾಠಗಳ ಎನ್‌ಪಿಟಿಇಎಲ್ 2003ರಿಂದ ಇದೆ, ನಾವೇ ಅದನ್ನ ನೋಡಿ ಪಾಠ ರೆಡಿ ಮಾಡ್ಕೋತೀವಿ, ಹುಡುಗರಿಗೆ ಮಾತ್ರ ನೋಡಿ ಅಂತ ಹೇಳೋಕೆ ಮನಸ್ಸು ಬರಲ್ಲ 😄 ಹೇಳಿದ್ರೂ ಅಸೈನ್‌ಮೆಂಟ್ ಉತ್ತರ ಟೆಲಿಗ್ರಾಂನಲ್ಲಿ ಸಿಗುತ್ತೆ. ಆದ್ರೆ ಅದಕ್ಕೆ 25 ಮಾರ್ಕ್ಸ್ ಅಷ್ಟೇ, ಉಳಿದ 75ಕ್ಕೆ ಪರೀಕ್ಷಾ ಸೆಂಟರ್‌ಗೆ ಹೋಗಿ ಬರೀಬೇಕು, ಅಲ್ಲಿ ಗೊತ್ತಾಗುತ್ತೆ ಬಂಡವಾಳ.

ಬಿಕಾಂ_ಹುಡುಗಿ:
ಸ್ಟೂಡೆಂಟ್ ಮಾತಾಡ್ಬಹುದಾ? ವಿಡಿಯೋ ಮಾಡಿ ಸರ್ ಪ್ಲೀಸ್, ಹತ್ತು ನಿಮಿಷದ್ದು, ಕನ್ನಡದಲ್ಲಿ. ನಲವತ್ತು ನಿಮಿಷ ಪಿಪಿಟಿ ಓದೋದಾದ್ರೆ ಬೇಡ, ಬಸ್ಸಲ್ಲಿ ನೋಡೋದು ನಾವು, ನೆಟ್ ಬೇರೆ ಹೋಗಿಬರುತ್ತೆ.

ಕಾಮರ್ಸ್‌ಮೇಷ್ಟ್ರು:
ಗಂಟೆ ಕಡಿಮೆ ಮಾಡೋ ಮಾತು ನಂದಲ್ಲ ಅತಿಥಿಯವ್ರೆ, ಪೀರಿಯಡ್ ಅಷ್ಟೇ ಇರುತ್ತೆ, ಒಳಗೆ ಮಾಡೋ ಕೆಲಸ ಬದಲಾಗುತ್ತೆ. ನಿಮ್ಮ ಭಯಾನೂ ಸುಳ್ಳಲ್ಲ ಬಿಡಿ. ಅದಕ್ಕೇ ಪ್ರಿನ್ಸಿಪಾಲರ ಹತ್ರ ಇದನ್ನ ಬರವಣಿಗೆಯಲ್ಲೇ ಕೇಳೋಣ ಅಂತಿದೀನಿ, ಯಾರಾದ್ರೂ ಹಂಗೆ ಬರೆಸ್ಕೊಂಡಿದೀರಾ?