ಜಗಲಿ ಬಳಗ: ಒಂದು ಫಾರ್ವರ್ಡಿನ ಹಿಂದೆ ಬಿದ್ದ ಜಗಳ

ದೊಡ್ಡಪ್ಪ: [ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ] ಸರಳೆ ಬೇಡ, ಸಾಧನೆ ಬೇಡ. ಲ್ಯಾಪ್‌ಟಾಪ್ ತೆರೆದರೆ ಸಾಕು, ಸಂಗೀತ ನಿರ್ದೇಶಕ! ಈಗಿನ ಮಕ್ಕಳಿಗೆ ಬೇಕಿರುವುದು ಸಂಗೀತವಲ್ಲ, ಲೈಕು. ಒಪ್ಪುವವರು ಹತ್ತು ಜನಕ್ಕೆ ಕಳಿಸಿ 🙏

ದೊಡ್ಡಪ್ಪ: ಹದಿನಾರಾಣೆ ಸತ್ಯ.

ಅನಿ: ಲೈಕ್ ಬೇಕಿದ್ರೆ ಅಡುಗೆ ರೀಲ್ ಮಾಡ್ತಿದ್ರು ದೊಡ್ಡಪ್ಪ, ಅದು ಸುಲಭ. ದುಡ್ಡಿಗಂತೂ ಅಲ್ಲ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1000 ಸಲ ಪ್ಲೇ ಆಗದಿದ್ರೆ ರೆಕಾರ್ಡಿಂಗ್ ರಾಯಲ್ಟಿ ಸೊನ್ನೆ. ಗೊತ್ತಿದ್ದೂ ಮನೇಲೇ ಹಾಡು ಕಟ್ಟಿ ರೆಕಾರ್ಡ್ ಮಾಡ್ತಾ ರಾತ್ರಿಯೆಲ್ಲ ಕೂರ್ತಾರೆ.

ದೊಡ್ಡಪ್ಪ: ಮತ್ತೆ ಯಾಕಂತೆ?

ಅನಿ: ಕರ್ನಾಟಕ ಸಂಗೀತದ ಪಾಠದ ಕ್ರಮ ನೋಡಿ. ಸರಳೆ, ಜಂಟಿ, ಏಳು ಅಲಂಕಾರ, ಗೀತೆ, ಸ್ವರಜತಿ, ವರ್ಣ, ಆಮೇಲೆ ಕೃತಿ. ಅಲ್ಲೀವರೆಗೂ ಹಾಡೋದೆಲ್ಲ ಬೇರೆಯವರು ಕಟ್ಟಿದ್ದು. ಸ್ವಂತದ್ದು ಅನ್ನೋದು ಬರೋದು ಕಲ್ಪನಾಸ್ವರದಲ್ಲಿ, ಅಂದ್ರೆ ಅಲ್ಲಲ್ಲೇ ಸ್ವರ ಕಟ್ಟಿ ಹಾಡೋದ್ರಲ್ಲಿ, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಲ್ಯಾಪ್‌ಟಾಪಲ್ಲಿ ಮೊದಲನೇ ದಿನವೇ ಸ್ವಂತ ನಾಲ್ಕು ಸಾಲು. ಹಾಡಿದ ಎರಡು ನಿಮಿಷಕ್ಕೆ ಅದನ್ನೇ ಹೊರಗಿನೋರ ಥರ ಕೂತು ಕೇಳಬಹುದು, ತಿದ್ದಬಹುದು, ಮತ್ತೆ ಕೇಳಬಹುದು. ರುಚಿ ಹತ್ತೋದು ಅಲ್ಲಿ.

ಸುಧತ್ತೆ: ಆ ಮಾತು ಒಪ್ಪಿದೆ. ಹಾಡೋವಾಗ ನಮ್ಮ ದನಿ ತಲೆಯ ಮೂಳೆಯಿಂದಲೂ ಕಿವಿಗೆ ಬರತ್ತೆ, ಅದಕ್ಕೇ ನಮಗೆ ತುಂಬುಗಂಟಲು. ರೆಕಾರ್ಡಿಂಗಲ್ಲಿ ಕೇಳಿದಾಗ ತೆಳ್ಳಗೆ, ಶ್ರುತಿ ಜಾರಿದ್ದೂ ಬಯಲು. ಆದ್ರೆ ಸಿಕ್ಕಿದ ತಪ್ಪನ್ನ ಮತ್ತೆ ಹಾಡಿ ತಿದ್ಕೋತಾರಾ? ಶ್ರುತಿ ತಾನೇ ತಿದ್ದೋ ಆಟೋಟ್ಯೂನ್ ಹಾಕ್ತಾರೆ. ರೀಟ್ಯೂನ್ ಸ್ಪೀಡ್ ಸೊನ್ನೆಗಿಟ್ಟು, ಅಂದ್ರೆ ತಕ್ಷಣ ತಿದ್ದೋ ಹಾಗೆ ಮಾಡಿ, ತೋಡಿ ರಾಗ ಹಾಡಿ ನೋಡು. ಗಾಂಧಾರ ತೂಗಬೇಕಾದ ಸ್ವರ, ಆ ತೂಗೋದೇ ಯಂತ್ರಕ್ಕೆ ತಪ್ಪು. ಹತ್ತಿರದ ಸ್ವರದ ಮನೆಗೆ ಎಳೆದೆಳೆದು ಮೆಟ್ಟಿಲು ಮಾಡಿಡತ್ತೆ.

ಅನಿ: ಸೊನ್ನೆಗಿಟ್ಟೋನ ತಪ್ಪು ಅತ್ತೆ ಅದು. ಗಮಕ, ಅಂದ್ರೆ ಸ್ವರದ ತೂಗಾಟ, ಇರೋ ಕಡೆ ಆಟೋ ಮೋಡ್ ಮುಟ್ಟಲೇಬಾರದು. ಗ್ರಾಫ್ ತೆಗೆದು, ನಿಂತ ಸ್ವರಗಳನ್ನ ಮಾತ್ರ ಕೈಯಲ್ಲಿ ಸರಿಸಬೇಕು. ಅದಕ್ಕೂ ಮುಂಚೆ ಸಾಫ್ಟ್‌ವೇರಿಗೆ ಶ್ರುತಿ ಹೇಳಬೇಕು, ನಮ್ಮ ಐದು ಮನೆ ಶ್ರುತಿ ಅಂದ್ರೆ ಅದರ ಜಿ. ಜಿ ಮೇಜರ್ ಅಂತ ಇಟ್ಟು ಮಾಯಾಮಾಳವಗೌಳ ರಾಗ ಹಾಡಿದ್ರೆ ಶುದ್ಧ ರಿಷಭ, ಶುದ್ಧ ಧೈವತ ಎರಡೂ ಪಕ್ಕದ ಸ್ವರಕ್ಕೆ ಹಾರತ್ತೆ. ಕ್ರೊಮ್ಯಾಟಿಕ್, ಅಂದ್ರೆ ಹನ್ನೆರಡೂ ಸ್ವರಸ್ಥಾನ, ಇಡಬೇಕು, ಇಲ್ಲಾ ಏಳು ಸ್ವರ ನಾವೇ ಗುರುತು ಹಾಕಬೇಕು.

ಗಿರೀಶ ಮಾವ: ತಪ್ಪು ಅದಕ್ಕೂ ಮುಂಚೆನೇ ಶುರು. ಬ್ಲೂಟೂತ್ ಹಾಕ್ಕೊಂಡು ಹಾಡ್ತಾರೆ. ಅದು ಸದ್ದನ್ನ 100 ಮಿಲಿಸೆಕೆಂಡಿಗಿಂತ ಹೆಚ್ಚೇ ತಡ ಮಾಡತ್ತೆ. ನಿಮಿಷಕ್ಕೆ 120 ಬೀಟಿನ ವೇಗದಲ್ಲಿ ಒಂದು ಬೀಟ್ ಅಂದ್ರೆ 500 ಮಿಲಿಸೆಕೆಂಡ್. ಅಂದ್ರೆ ಹಾಡೋನು ಹೆಚ್ಚುಕಡಿಮೆ ಕಾಲು ಬೀಟ್ ಹಿಂದೆ ಬಿದ್ದ. ಆಮೇಲೆ ತಾಳಜ್ಞಾನ ಇಲ್ಲ ಅಂತ ಬೈಸ್ಕೋತಾನೆ. ವೈರಿನ ಹೆಡ್‌ಫೋನು ಹಾಕು, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳೋ ಸದ್ದಿನ ತುಣುಕು) 128 ಸ್ಯಾಂಪಲ್ಲಿಗೆ ಇಡು. 48 ಕಿಲೋಹರ್ಟ್ಸ್‌ನಲ್ಲಿ ಬಫರಿನ ತಡ ಮೂರು ಮಿಲಿಸೆಕೆಂಡಿನೊಳಗೆ. ಮಿಕ್ಸಿಂಗಿಗೆ ಕೂತಾಗ 1024ಕ್ಕೆ ಏರಿಸು, ಇಲ್ಲಾಂದ್ರೆ ಪ್ಲಗಿನ್ ಜಾಸ್ತಿಯಾಗಿ ಚಟಪಟ ಅನ್ನತ್ತೆ.

ಮೇಘಾ: ಮಾವ, ರೂಮಿನ ಎಕೋಗೆ ಫೋಮ್ ತರಿಸ್ಲಾ?

ಗಿರೀಶ ಮಾವ: ಒಂದಿಂಚಿನ ಫೋಮಿಗೆ ದುಡ್ಡು ಸುರೀಬೇಡ. ಚುರುಕು ಸದ್ದು ಹೀರತ್ತೆ, ಗುಂಯ್ ಅನ್ನೋ ತಗ್ಗು ಸದ್ದು ಹಾಗೇ ಉಳಿಯತ್ತೆ, ದನಿ ಡಬ್ಬಿಯೊಳಗಿಂದ ಬಂದಂಗಿರತ್ತೆ. ಹಳೇ ಕೌದಿ ಎರಡು ತಗೋ. ನಿನ್ನ ಬೆನ್ನ ಹಿಂದೆ ಹಗ್ಗ ಕಟ್ಟಿ ಇಳಿಬಿಡು, ಗೋಡೆಗೂ ಕೌದಿಗೂ ಮಧ್ಯೆ ಒಂದು ಗೇಣು ಜಾಗ ಇರಲಿ. ಎಲ್ಲರೂ ಮೈಕಿನ ಹಿಂದೆ ಕಟ್ಟೋದು. ಕಾರ್ಡಿಯಾಯ್ಡ್, ಅಂದ್ರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋ ಮೈಕಿಗೆ ಬೆನ್ನ ಕಡೆ ಕಿವುಡು, ಅದು ನೋಡ್ತಿರೋದು ನಿನ್ನನ್ನ, ನಿನ್ನ ಹಿಂದಿನ ಗೋಡೆನ. ಬಾಯಿಗೂ ಮೈಕಿಗೂ ಒಂದು ಗೇಣು. ತಾರಸ್ಥಾಯಿ ಮುಟ್ಟಿದಾಗ ಮೀಟರ್ −10 ಡೆಸಿಬೆಲ್ ಹತ್ರ ನಿಲ್ಲಬೇಕು. ಸೊನ್ನೆ ದಾಟಿ ಹರಿದ ದನಿಯನ್ನ ಆಮೇಲೆ ತಗ್ಗಿಸಿದ್ರೂ ಹರಿದಿದ್ದೇ. ಕಂಡೆನ್ಸರ್ ಮೈಕ್ ಸತ್ತಿದೆ ಅನ್ನೋಕೆ ಮುಂಚೆ ಅದಕ್ಕೆ ಕರೆಂಟು ಕೊಡೋ 48 ವೋಲ್ಟಿನ ಗುಂಡಿ ಒತ್ತಿದೀಯಾ ನೋಡು. ಫ್ಯಾನ್ ಆಫ್.

ದೊಡ್ಡಪ್ಪ: ಗಿರೀಶ, ನೀನೂ ಆ ಕಡೇನಾ? ಇಷ್ಟೂ ಯಂತ್ರದ ಪಾಠ ಆಯ್ತಲ್ಲಯ್ಯ. ಸಂಗೀತ ಎಲ್ಲಿ?

ಗಿರೀಶ ಮಾವ: ಭಾವ, ತಂಬೂರಿಯ ತಂತಿಯಡಿ ಜೀವಾಳದ ದಾರ ಸರಿಸ್ತಾ ಅರ್ಧ ಗಂಟೆ ಕೂರಲ್ವಾ? ಇದೂ ಅದೇ.

ಸುಧತ್ತೆ: ಅದೇ ಅಲ್ಲ ರೀ. ಅಣ್ಣ, ಯಂತ್ರದ ಮೇಲಿನ ಸಿಟ್ಟು ಬಿಡು. ಹಾರ್ಮೋನಿಯಂನ 1940ರಲ್ಲಿ ರೇಡಿಯೋದಿಂದ ಆಚೆ ಹಾಕಿದ್ರು, ಒಳಗೆ ಬರೋಕೆ 70ರ ದಶಕ ಆಯ್ತು. ಆದ್ರೆ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಏರಿಸಿದ್ರು, ಕದ್ರಿ ಗೋಪಾಲನಾಥರು ಗಮಕಕ್ಕೋಸ್ಕರ ಸ್ಯಾಕ್ಸೊಫೋನನ್ನೇ ತಿದ್ದಿಸಿದ್ರು. ವಾದ್ಯ ಅವರ ಮಾತು ಕೇಳ್ತು. ಈ ಮಕ್ಕಳು ಸಾಫ್ಟ್‌ವೇರಿನ ಮಾತು ಕೇಳ್ತಿದಾರೆ, ನನ್ನ ತಕರಾರು ಅಷ್ಟೇ. ಸಾಫ್ಟ್‌ವೇರ್ ತೆರೆದ ತಕ್ಷಣ 4/4, ಅಂದ್ರೆ ನಾಲ್ಕರ ಲೆಕ್ಕ, ವೇಗ 120. ಹಾಗೇ ಬಿಟ್ಟು ಶುರು ಮಾಡೋದು. ಅದಕ್ಕೇ ಯಾರ ಹಾಡು ಕೇಳಿದ್ರೂ ನಾಲ್ಕರ ನಡಿಗೆ.

ಅನಿ: 7/8 ಹಾಕಿದ್ರೆ ಏಳರ ತಾಳ ಮಿಶ್ರಚಾಪು ಬರತ್ತೆ ಅತ್ತೆ.

ಸುಧತ್ತೆ: ಬರಲ್ಲ. ಸಾಫ್ಟ್‌ವೇರಿನ ತಾಳದ ಕ್ಲಿಕ್ ಮೊದಲನೇದಕ್ಕೆ ಒತ್ತು ಕೊಟ್ಟು ಉಳಿದ ಆರನ್ನ ಒಂದೇ ಸಮ ಟಿಕ್ ಟಿಕ್ ಅನ್ನತ್ತೆ. ತಕಿಟ ತಕದಿಮಿ ಅದರಲ್ಲೆಲ್ಲಿದೆ? ಒಂದು, ನಾಲ್ಕು, ಆರರ ಮೇಲೆ ಘಾತ ಬೀಳಬೇಕು. ಕ್ಲಿಕ್ ಆಫ್ ಮಾಡಿ, ಆ ಲೆಕ್ಕದ ಎರಡು ಆವರ್ತ ಮೃದಂಗ ನೀನೇ ಬರೆದು ಅದನ್ನ ಲೂಪ್ ಹಾಕ್ಕೊಂಡು ಹಾಡು.

ಅನಿ: 👍 ಅದು ನಿಜ. ಬಡಿತಗಳನ್ನ ಲೆಕ್ಕದ ಗೆರೆಗೆ ಎಳೆಯೋ ಕ್ವಾಂಟೈಜೂ ಹಾಗೇ. ತಮಟೆ ಬಡಿತಕ್ಕೆ 100% ಕೊಟ್ರೆ ಹೊಲಿಗೆ ಮಿಷನ್. 50ರ ಹತ್ರ ಬಿಟ್ರೆ ಕೈ ಉಳಿಯತ್ತೆ.

ದೊಡ್ಡಪ್ಪ: ಏಳರ ನಡೆಯಲ್ಲಿ ನಿಮ್ಮ ಕಡೆ ಹುಡುಗರು ಕಟ್ಟಿದ್ದು ಒಂದು ಕಳಿಸಿ. ಕೇಳ್ತೀನಿ. ಅಲ್ಲೀವರೆಗೆ ಫಾರ್ವರ್ಡ್ ಡಿಲೀಟ್ ಮಾಡಲ್ಲ.

ಅನಿ: ಡಾಕ್ಯುಮೆಂಟಾಗಿ ಕಳಿಸ್ತೀನಿ, ವಾಯ್ಸ್ ನೋಟ್ ಆದ್ರೆ ಕುಗ್ಗಿಸಿಬಿಡತ್ತೆ. ಫೋನಿನ ಸ್ಪೀಕರಲ್ಲಿ ಕೇಳ್ಬೇಡಿ ದೊಡ್ಡಪ್ಪ, ಮೃದಂಗದ ಎಡಗಡೆ ತಗ್ಗುನಾದ ಕೇಳಿಸೋದೇ ಇಲ್ಲ.

ದೊಡ್ಡಪ್ಪ: ವೈರಿಂದೇ ಇದೆ ನನ್ನ ಹತ್ರ.