ದೊಡ್ಡಪ್ಪನ ಫಾರ್ವರ್ಡ್, ಅಜ್ಜಿಯ ಪೂಜೆ

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಇನ್ನೂ ಕಾಫಿ ಕುಡಿದಿರಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಉದ್ದನೆಯ ಫಾರ್ವರ್ಡ್ ಹಾಕಿದ್ದರು. ಹಿಂದೆ ಚರ್ಚಿನಲ್ಲಿ ನಡೆಯುತ್ತಿದ್ದ ಲ್ಯಾಟಿನ್ ಪೂಜೆ ಹೋಗಿ ಜನರ ಭಾಷೆ ಬಂದಿದ್ದಕ್ಕೆ, ಲೋಕದ ಧರ್ಮಾಧ್ಯಕ್ಷರೆಲ್ಲ (ಬಿಷಪ್ಪರು) ರೋಮ್‌ನಲ್ಲಿ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯೊಂದೇ ಕಾರಣ ಅಲ್ಲವಂತೆ. ಅದಕ್ಕೂ ಮುಂಚೆ 23ನೇ ಜಾನ್ ಪೋಪ್ ಇಡೀ ಧರ್ಮಸಭೆಗೆ ಬರೆದ ಪತ್ರಗಳೇ ಬಾಗಿಲು ತೆರೆದವಂತೆ. 'ಮಾತೆರ್ ಎತ್ ಮಜಿಸ್ತ್ರ' ಕಮ್ಯುನಿಸ್ಟರ ಪತ್ರವಂತೆ, 'ಪಾಚೆಮ್ ಇನ್ ತೆರ್ರಿಸ್' ಅದರ ತಮ್ಮನಂತೆ. ಕೊನೆಗೆ, ನಿಜವಾದ ಕಥೋಲಿಕರಾದರೆ ಹತ್ತು ಜನಕ್ಕೆ ಕಳಿಸಿ.

ಕೆಳಗೆ ದೊಡ್ಡಪ್ಪನ ಒಂದೇ ಸಾಲು: 'ನಾನು ಮೊದಲಿಂದ ಹೇಳ್ತಾನೇ ಇದ್ದೆ.'

ಲಾ ಓದುತ್ತಿರುವ ತಂಗಿ ಎರಡೇ ನಿಮಿಷಕ್ಕೆ ಹಿಡಿದಳು.

'ಇದನ್ನ ಬರೆದೋರು ಯಾರು ದೊಡ್ಡಪ್ಪ? ಪಾಚೆಮ್ ಇನ್ ತೆರ್ರಿಸ್ ಬಂದಿದ್ದು 1963ರ ಏಪ್ರಿಲ್ 11ಕ್ಕೆ. ಮಹಾಸಭೆ ಶುರುವಾಗಿದ್ದು 1962ರ ಅಕ್ಟೋಬರ್ 11ಕ್ಕೆ. ಮುಂಚೆ ಹೇಗಾಗುತ್ತೆ?'

'ನಿನ್ನ ಲಾ ಓದ್ಸಿದ್ದು ನಮ್ಮನ್ನೇ ಪಾಟಿಸವಾಲು ಮಾಡ್ಲಿ ಅಂತಾನಾ?'

ಕನ್ಯಾಸ್ತ್ರೀಯಾಗಿರುವ ಸಿಸ್ಟರ್ ಅತ್ತೆ ಬಂದರು. 'ಜಗದ್ಗುರುಗಳಾದ ಪೋಪರ ವಿಷಯದಲ್ಲಿ ಹೀಗೆಲ್ಲ ಹಂಚಬಾರದು ಮಕ್ಕಳೇ. 23ನೇ ಜಾನ್ ಅವರನ್ನ 2014ರಲ್ಲಿ ಸಂತರು ಅಂತ ಸಾರಿದ್ದಾರೆ. ಈ ಸಂಜೆ ಎಲ್ಲರೂ ಒಂದು ಜಪಸರ ಹೇಳಿ.' ಅದಕ್ಕೆ ಹನ್ನೊಂದು ಜನ ಕೈಮುಗಿದರು. ತಂಗಿಯ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ನನಗೆ ಸುಮ್ಮನಿರಲು ಆಗಲಿಲ್ಲ. ಹಳೆಯ ಪೂಜೆ ಬೇಕು ಎನ್ನುವವರ ನೋವು ಸುಳ್ಳಲ್ಲ. ಪೋಪ್ 10ನೇ ಪಿಯುಸ್ 1907ರಲ್ಲಿ, ಧರ್ಮದ ಬೋಧನೆ ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎನ್ನುವ ಆಧುನಿಕತಾವಾದವನ್ನು ಖಂಡಿಸಿ ಪತ್ರ ಬರೆದರು. ಪೋಪ್ 12ನೇ ಪಿಯುಸ್ 1950ರಲ್ಲಿ ಮತ್ತೆ ಎಚ್ಚರಿಸಿದರು. ಆ ಗಟ್ಟಿ ದನಿ 23ನೇ ಜಾನ್ ಅವರ ಪತ್ರಗಳಲ್ಲಿ ಇಲ್ಲ ಎಂಬುದು ಸಂಪ್ರದಾಯದವರ ದೂರು. ಅದು ಚರ್ಚೆ ಮಾಡಬೇಕಾದ ಮಾತೇ. ಆದರೆ ಅದೇ 23ನೇ ಜಾನ್, ಮಹಾಸಭೆಗೆ ಎಂಟು ತಿಂಗಳ ಮುಂಚೆ, 1962ರ ಫೆಬ್ರವರಿ 22ರಂದು 'ವೆತೆರುಮ್ ಸಪಿಯೆನ್ಸಿಯಾ' ಎಂಬ ಆಜ್ಞಾಪತ್ರಕ್ಕೆ ಸಹಿ ಹಾಕಿದರು. ಪಾದ್ರಿಗಳಾಗುವವರು ಓದುವ ಗುರುಮಠಗಳಲ್ಲಿ ಮುಖ್ಯ ಪಾಠಗಳನ್ನು ಲ್ಯಾಟಿನ್‌ನಲ್ಲೇ ಹೇಳಿಕೊಡಿ, ಲ್ಯಾಟಿನ್ ಬೇಡ ಎಂದು ಯಾರೂ ಬರೆಯದಂತೆ ಧರ್ಮಾಧ್ಯಕ್ಷರು ನೋಡಿಕೊಳ್ಳಿ ಎಂದು ಅದರಲ್ಲಿದೆ. ಇನ್ನೊಂದು ಕಡೆ, ಸಂಪ್ರದಾಯದವರು ಕೈಯಲ್ಲಿ ಹಿಡಿದು ಓಡಾಡುವ 12ನೇ ಪಿಯುಸ್ ಅವರ 1947ರ ಪತ್ರ 'ಮೆದಿಯಾತೋರ್ ದೇಯಿ'. ಬಲಿಪೀಠವನ್ನು ಮತ್ತೆ ಊಟದ ಮೇಜಿನ ಹಾಗೆ ಮಾಡಲು ಹೊರಡಬೇಡಿ ಎನ್ನುವ ಅದೇ ಪತ್ರ, ಕೆಲವು ವಿಧಿಗಳಲ್ಲಿ ತಾಯ್ನುಡಿ ಬಳಸಿದರೆ ಜನಕ್ಕೆ ಒಳ್ಳೆಯದಾಗಬಹುದು ಎಂದೂ ಹೇಳುತ್ತದೆ. ಅನುಮತಿ ಮಾತ್ರ ರೋಮ್ ಕೊಡಬೇಕು, ಅಷ್ಟೇ.

ಇದನ್ನೆಲ್ಲ ಬರೆದು ಹಾಕಿದೆ. ಹಾಕಿದ ಕೂಡಲೇ ದುಬೈಯಲ್ಲಿರುವ ಅಣ್ಣ ಒಂದು ಫೋಟೊ ಕಳಿಸಿದ. ಅಜ್ಜನ ನೋಟ್‌ಬುಕ್.

ಅಜ್ಜ ಚಿಕ್ಕವನಿದ್ದಾಗ ಪೂಜೆಗೆ ಗಂಟೆ ಹೊಡೆಯುತ್ತಿದ್ದ. ಪಾದ್ರಿಗಳಿಗೆ ಲ್ಯಾಟಿನ್‌ನಲ್ಲಿ ಉತ್ತರ ಕೊಡಬೇಕಿತ್ತು. ಅದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದ. ಕಂದು ತಿರುಗಿದ ಹಾಳೆ, ಅಂಚಿನಲ್ಲಿ ಮೇಣದ ಕಲೆ. 'ಅದ್ ದೇವುಮ್ ಕ್ವಿ ಲೆತಿಫಿಕಾತ್ ಯುವೆನ್ತೂತೆಮ್ ಮೇಯಾಮ್.' ನನ್ನ ಯೌವನಕ್ಕೆ ಸಂತೋಷ ಕೊಡುವ ದೇವರ ಬಳಿಗೆ ಎಂದು ಅರ್ಥ. ಅಜ್ಜ ಒಂದಕ್ಷರ ತಪ್ಪುತ್ತಿರಲಿಲ್ಲ, ಅರ್ಥ ಮಾತ್ರ ಗೊತ್ತಿರಲಿಲ್ಲ ಎಂದು ಅಣ್ಣ ಬರೆದ. ಆಮೇಲೆ ಗುಂಪು ಎಲ್ಲೆಲ್ಲಿಗೋ ಹೋಯಿತು. ಕ್ರಿಸ್‌ಮಸ್ ರಾತ್ರಿ ಎತ್ತಿನ ಗಾಡಿ, ಅಜ್ಜಿಯ ಕಜ್ಜಾಯ, ಗೋದಲಿಗೆ ಹುಲ್ಲು ತರಲು ಹೋಗಿ ಬಿದ್ದದ್ದು.

ಅಜ್ಜಿಯ ಹೆಸರು ಬಂದದ್ದೇ ತಡ, ಚಿಕ್ಕಮ್ಮ ಬರೆದರು:

'ಭಾಷೆ ಹೋಯ್ತು ಅಂತ ಅಳೋರು ಒಂದು ಹೇಳಿ. ಅತ್ತೆನ ಮಣ್ಣು ಮಾಡಿದ ದಿನ ಇಂಗ್ಲಿಷ್ ಪೂಜೆ ಇಡ್ಸಿದ್ದು ಯಾರು? ಅವರಿಗೆ ಕನ್ನಡ ಬಿಟ್ಟು ಒಂದಕ್ಷರ ಬರ್ತಿರ್ಲಿಲ್ಲ.'

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಶುರುವಾಯಿತು. ನಾನಲ್ಲ, ಹೊರಗಿನಿಂದ ಬಂದ ಮಕ್ಕಳಿಗೆ ಅರ್ಥವಾಗಲಿ ಅಂತ ನಿಮ್ಮವರೇ ಕೇಳಿದ್ದು ಎಂದರು ದೊಡ್ಡಪ್ಪ. ನಾವು ಬಂದಿದ್ದೇ ಪೂಜೆ ಮುಗಿದ ಮೇಲೆ ಎಂದ ದುಬೈ ಅಣ್ಣ. ಕಾರಿನ ಬಾಡಿಗೆ ಯಾರು ಕೊಟ್ಟರು ಎಂಬಲ್ಲಿಗೂ ಹೋಯಿತು. ಸಿಸ್ಟರ್ ಅತ್ತೆ ಇನ್ನೊಂದು ಜಪಸರ ಹೇಳಿದರು. ಪೋಪರ ಪತ್ರ ಎಲ್ಲಿಯೋ ಮೇಲೆ ಉಳಿಯಿತು.

ಚಿಕ್ಕಮ್ಮನ ಮಾತು ನನ್ನನ್ನು ಬಿಡಲಿಲ್ಲ. ಆ ದಿನ ನಾನೂ ಅಲ್ಲೇ ಇದ್ದೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯ ಗೆಳತಿಯರು ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ಪಕ್ಕದವರನ್ನು ನೋಡುತ್ತಿದ್ದರು. ನಾನು ಏನೂ ಹೇಳಲಿಲ್ಲ.

ರಾತ್ರಿ ಕೂತು 'ಮಾತೆರ್ ಎತ್ ಮಜಿಸ್ತ್ರ'ವನ್ನು ಪೂರ್ತಿ ಓದಿದೆ. 1961ರ ಪತ್ರ, ಹೆಸರಿನ ಅರ್ಥ ತಾಯಿ ಮತ್ತು ಗುರು. ಬಂದ ವರ್ಷವೇ ಅಮೆರಿಕದ ಒಂದು ಪತ್ರಿಕೆ 'ತಾಯಿ ಹೌದು, ಗುರು ಅಲ್ಲ' ಎಂಬ ಅರ್ಥದ ಚಟಾಕಿ ಹಾರಿಸಿತ್ತು. ಕಮ್ಯುನಿಸ್ಟ್ ಎಂಬ ಗುಲ್ಲಿಗೆ ಒಂದು ಕಾರಣ ಇಟಾಲಿಯನ್ ಪಠ್ಯದಲ್ಲಿದ್ದ 'ಸೊಚಿಯಲಿಜ಼ಾತ್ಸಿಯೋನೆ' ಎಂಬ ಪದ. ಲ್ಯಾಟಿನ್ ಮೂಲದಲ್ಲಿ ಆ ಪದವೇ ಇಲ್ಲ, ಜನರ ನಡುವಿನ ಸಂಬಂಧಗಳು ಹೆಚ್ಚುವುದು ಎಂದಷ್ಟೇ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇಸಾಯದ ಭಾಗ. ತೆರಿಗೆ, ಸಾಲ, ವಿಮೆ, ಬೆಲೆಯ ರಕ್ಷಣೆ, ಎಲ್ಲ ಬಿಡಿಸಿ ಬರೆದಿದ್ದಾರೆ. ಬೆಳೆ ಜನರ ಕೈಗೆಟುಕುವ ಬೆಲೆಗೆ ಸಿಗಬೇಕು ನಿಜ, ಹಾಗಂತ ಬೆಳೆದವರನ್ನು ಯಾವಾಗಲೂ ಕೆಳಗೇ ಇಡಬಾರದು ಎನ್ನುತ್ತದೆ ಪತ್ರ. ರೈತರು ಸಂಘ ಕಟ್ಟಿಕೊಳ್ಳಬೇಕು, ಒಬ್ಬೊಬ್ಬರೇ ಕೂಗಿದರೆ ದನಿ ಗಾಳಿಗೆ ಹೋಗುತ್ತದೆ ಎಂದೂ ಇದೆ.

ರೇಷ್ಮೆಗೂಡಿನ ಬೆಲೆ ಬಿದ್ದಾಗಲೆಲ್ಲ ರಾಮನಗರದ ಮಾರುಕಟ್ಟೆಯಿಂದ ದೊಡ್ಡಪ್ಪ ಇದೇ ಗುಂಪಿಗೆ ಫೋಟೊ ಹಾಕುತ್ತಾರೆ. ನಾವು ಅಳುವ ಮುಖ ಒತ್ತಿ ಮುಂದೆ ಹೋಗುತ್ತೇವೆ.

ಗುಂಪಿನಲ್ಲಿ ಬರೆದೆ: 'ದೊಡ್ಡಪ್ಪ, ಈ ಪತ್ರ ನಿಮ್ಮ ಪರ ಮಾತಾಡುತ್ತೆ. ಒಂದ್ಸಲ ಓದಿ.' ಚಿಕ್ಕಮ್ಮನಿಗೂ ಬರೆದೆ: 'ಆವತ್ತು ನಾನಾದರೂ ಫಾದರ್ ಹತ್ರ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು.' ಚಿಕ್ಕಮ್ಮ ನೋಡಿದರು, ಉತ್ತರ ಬರಲಿಲ್ಲ.

ದೊಡ್ಡಪ್ಪ ಗುಂಪಿನಲ್ಲಿ ಏನೂ ಹೇಳಲಿಲ್ಲ, ಫಾರ್ವರ್ಡನ್ನೂ ಅಳಿಸಲಿಲ್ಲ. ಬೆಳಗಿನ ಜಾವ ಐದಕ್ಕೆ, ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿಗೆ, ನನಗೊಬ್ಬನಿಗೇ ಮೆಸೇಜ್ ಬಂತು: 'ಆ ಬೆಲೆ ಇರೋ ಭಾಗ ಕನ್ನಡದಲ್ಲಿ ಬರೆದು ಕಳ್ಸಪ್ಪ. ಅಕ್ಷರ ಸ್ವಲ್ಪ ದೊಡ್ಡದಿರ್ಲಿ.'