ಅಪ್‌ಡೇಟ್: ಸ್ವಂತ ಗಾಡಿ ಇಲ್ಲದೆ ಎರಡು ದಿನ ಮಂಗಳೂರು

ಬಸ್ಸು, ಆಟೋದಲ್ಲೇ ಎರಡು ದಿನದಲ್ಲಿ ಮಂಗಳೂರು ನೋಡೋಕೆ ಆಗುತ್ತಾ ಅಂತ ಕೇಳಿದ್ದೆ. ಖಂಡಿತ ಆಗುತ್ತೆ, ಉತ್ತರಿಸಿದವರಿಗೆಲ್ಲ ಧನ್ಯವಾದ.

ತಣ್ಣೀರುಬಾವಿ ಬೀಚ್‌ಗೆ ಕೂಳೂರು ಸುತ್ತಿಕೊಂಡು ಹೋಗಬೇಡಿ. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿದರೆ ಫಲ್ಗುಣಿ ನದಿ ದಾಟಿ ಕೆಲವೇ ನಿಮಿಷದಲ್ಲಿ ಆಚೆ ದಡ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ. ಸೂರ್ಯಾಸ್ತ ನೋಡುತ್ತಾ ಕೂತರೆ ತಪ್ಪಿಹೋಗುತ್ತೆ. ದೋಣಿ ಹತ್ತುವ ಮೊದಲು ಬತ್ತೇರಿ, ಅಂದರೆ ಟಿಪ್ಪು ಸುಲ್ತಾನನ ಕಾಲದ ಕಾವಲು ಗೋಪುರದ ಮೆಟ್ಟಿಲು ಹತ್ತಿ, ಕಪ್ಪು ಕಲ್ಲಿನ ಗೋಡೆಯ ಫಿರಂಗಿ ಕಂಡಿಗೆ ಕಣ್ಣಿಡಿ. ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಈ ಜಾಗ ಯಾಕೆ ಆರಿಸಿದ ಅಂತ ತಾನಾಗಿಯೇ ಅರ್ಥವಾಗುತ್ತೆ.

ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ (ಪ್ರಾರ್ಥನಾ ಮಂದಿರ) ಗೋಡೆಯದ್ದು ಹಸಿ ಗಾರೆಯ ಮೇಲಿನ ಚಿತ್ರ, ಚಾವಣಿಯದ್ದು ಕ್ಯಾನ್ವಾಸ್. ಎರಡೂ ಇಟಲಿಯ ಕಲಾವಿದ ಆಂಟೋನಿಯೋ ಮೊಸ್ಕೇನಿ ಕೈಯವು. ನಿಧಾನಕ್ಕೆ ನೋಡಿ.

ಸೋಮೇಶ್ವರ ಬೀಚ್‌ನಲ್ಲಿ ಬಂಡೆ, ಸೆಳೆತ ಎರಡೂ ಜಾಸ್ತಿ, ನೀರಿಗಿಳಿಯಲೇಬೇಡಿ.